ಅಂತರ್ಜಾಲದ ಮೂಲಕ ಹಾಡುಗಾರಿಕೆಯ ಪಾಠ: ಒಂದು ವಿವೇಚನೆ

೧

ಸಂಗೀತವು ಗುರುಮುಖದಿಂದ ಕಲಿಯತಕ್ಕ ವಿದ್ಯೆಯೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಗುರುಮುಖವು ಅಂಗೈಯಗಲದ ಗಾಜಿನ ಮೇಲೆ, ಸಾವಿರ ಕಿಲೋಮೀಟರಿನಾಚೆಯಿಂದ ಕಾಣುವುದಾದರೆ ಅದನ್ನು ಗುರುಮುಖವೆಂದು ಕರೆಯಬಹುದೆ? ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆಯು ಕೇವಲ ಚರ್ಚೆಯ ವಿಷಯವಾಗಿ ಉಳಿದಿಲ್ಲ. ಮುಂಬಯಿ, ಪುಣೆ, ದಿಲ್ಲಿ, ಹೈದರಾಬಾದುಗಳಲ್ಲಿ ನೆಲೆಸಿದ ತಂದೆತಾಯಿಗಳು ಮಗುವಿಗೆ ನಾಲ್ಕು ದೇವರನಾಮಗಳನ್ನಾದರೂ ಕಲಿಸಬೇಕೆಂದು ಬಯಸಿದಾಗ ಅವರ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಡೊಂಬಿವಲಿಯಿಂದ ಮಾಟುಂಗದವರೆಗೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮಗುವನ್ನು ಕರೆದುಕೊಂಡು ಹೋಗುವುದು ಒಂದು. ಮನೆಯಲ್ಲಿಯೆ ಕೂರಿಸಿ, ಮೈಸೂರಿನಲ್ಲಿಯೊ ಧಾರವಾಡದಲ್ಲಿಯೊ ಇರುವ ವಿದ್ವಾಂಸರಿಂದ ದೂರವಾಣಿಯ ಪರದೆಯ ಮೇಲೆ ಪಾಠ ಹೇಳಿಸುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡವರ ಸಂಖ್ಯೆ ೨೦೨೦ರಿಂದೀಚೆಗೆ ಬಹಳವಾಗಿ ಬೆಳೆದಿದೆ.

ಈ ಪದ್ಧತಿಯನ್ನು ಹೊಗಳುವುದೂ ತೆಗಳುವುದೂ ಸುಲಭ. ಅದರ ಒಳಗಿನ ಕೆಲಸವು ಹೇಗೆ ನಡೆಯುತ್ತದೆ, ಸಂಗೀತದ ಯಾವ ಅಂಗಗಳು ಅದರಲ್ಲಿ ಕೆಡದೆ ದಾಟಿಬರುತ್ತವೆ, ಯಾವುವು ದಾರಿಯಲ್ಲಿ ಸವೆದುಹೋಗುತ್ತವೆ ಎಂಬುದನ್ನು ತಿಳಿದವನಿಗೆ ಮಾತ್ರ ಅದರ ಯುಕ್ತ ಉಪಯೋಗವು ಸಾಧ್ಯ. ಅದನ್ನು ತಿಳಿಯಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಗುರುವಿನ ಮನೆಯಲ್ಲಿ ಹಗಲಿರುಳು ಇದ್ದು ಸೇವೆ ಮಾಡುತ್ತ ಕಲಿಯುವ ಗುರುಕುಲವೇ ನೆನ್ನೆಯವರೆಗೆ ಏಕೈಕ ಮಾರ್ಗವಾಗಿತ್ತು, ಯಂತ್ರವು ಬಂದು ಅದನ್ನು ಮುರಿಯಿತು ಎಂಬ ಭಾವನೆಯು ಇತಿಹಾಸಕ್ಕೆ ಒಪ್ಪುವುದಿಲ್ಲ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ತರಗತಿ, ಪಠ್ಯಕ್ರಮ, ಪರೀಕ್ಷೆಗಳೆಂಬ ವ್ಯವಸ್ಥೆಯೊಳಗೆ ಸಂಗೀತವನ್ನು ತಂದರು. ಪಂಡಿತ ಭಾತಖಂಡೆಯವರ ಕ್ರಮಿಕ ಪುಸ್ತಕ ಮಾಲಿಕೆಯು ಘರಾಣೆಗಳ ಬಂದಿಶುಗಳನ್ನು ಅಚ್ಚಿನ ಸ್ವರಲಿಪಿಯಲ್ಲಿ ಜನರ ಕೈಗೆ ಕೊಟ್ಟಿತು. ದಕ್ಷಿಣದಲ್ಲಿ ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿಯು ೧೯೦೪ರಲ್ಲಿ ಗಮಕಚಿಹ್ನೆಗಳ ಸಹಿತವಾಗಿ ಪ್ರಕಟವಾಯಿತು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿತವಾದಂದಿನಿಂದ, ಕಣ್ಣಿಗೆ ಕಾಣದ ಗಾಯಕರನ್ನು ಕೇಳಿ ಕಲಿಯುವ ರೂಢಿಯೂ ಬೆಳೆಯತೊಡಗಿತು. ಕಲ್ಕತ್ತೆಯ ಆಕಾಶವಾಣಿಯಲ್ಲಿ ಪಂಕಜ ಮಲ್ಲಿಕರು ದಶಕಗಳ ಕಾಲ ಹಾಡಿನ ಪಾಠವನ್ನು ನಡೆಸಿದರು. ಸಾವಿರಾರು ಮನೆಗಳಲ್ಲಿ ಜನ ರೇಡಿಯೋದ ಮುಂದೆ ಕುಳಿತು ಕಲಿತರು.

ನಮ್ಮ ನಾಡಿನ ನಿದರ್ಶನವನ್ನೇ ನೋಡಬಹುದು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಶಿಕ್ಷಣ ಪಡೆದುದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು. ಅದೇ ಗುರುಗಳ ಬಳಿಯಲ್ಲಿ ಭೀಮಸೇನ ಜೋಶಿಯವರು ಮನೆಯಲ್ಲಿಯೆ ಇದ್ದು ಕಲಿತರು. ಇಬ್ಬರೂ ಕಿರಾಣಾ ಘರಾಣೆಯ ಹಿರಿಯರಾದರು. ಆದುದರಿಂದ ವಾಸದ ಕ್ರಮವೊಂದೇ ವಿದ್ಯೆಯ ಫಲವನ್ನು ನಿರ್ಣಯಿಸುವುದಿಲ್ಲ. ನಿರ್ಣಾಯಕವಾದುದು ಬೇರೊಂದು: ಶಿಷ್ಯನು ಹಾಡಿದುದನ್ನು ಗುರುವು ಕೇಳಿ, ತಪ್ಪಿದ ಕಡೆಯಲ್ಲಿ ಆ ಕ್ಷಣವೇ ತಡೆದು, ಸರಿಯಾದುದನ್ನು ಹಾಡಿ ತೋರಿಸುವುದು. ಪುಸ್ತಕಕ್ಕಾಗಲಿ ಧ್ವನಿಮುದ್ರಿಕೆಗಾಗಲಿ ರೇಡಿಯೋಕ್ಕಾಗಲಿ ಈ ಶಕ್ತಿಯಿರಲಿಲ್ಲ. ಅವು ಹೇಳಬಲ್ಲವು, ಕೇಳಲಾರವು. ಅಂತರ್ಜಾಲದ ಪಾಠವು ಇವುಗಳಿಂದ ಬೇರೆಯಾಗುವುದು ಇಲ್ಲಿಯೇ. ದೂರದಿಂದ ಕಲಿಸುವ ಸಾಧನಗಳಲ್ಲಿ ಶಿಷ್ಯನನ್ನು ಕೇಳಿ, ಕಂಡು, ಕೂಡಲೆ ತಿದ್ದಬಲ್ಲ ಸಾಧನವು ಸಾಮಾನ್ಯ ಜನರ ಮನೆಗೆ ಬಂದುದು ಇದರಿಂದಲೇ.

೨೦೦೩ರಲ್ಲಿ ಸ್ಕೈಪ್ ಎಂಬ ಸಾಧನವು ಬಳಕೆಗೆ ಬಂದು, ಮುಂದೆ ಅದಕ್ಕೆ ಚಿತ್ರವೂ ಸೇರಿದ ಮೇಲೆ, ವಿದೇಶದಲ್ಲಿದ್ದ ಭಾರತೀಯರ ಮಕ್ಕಳಿಗೆ ಚೆನ್ನೈ ಬೆಂಗಳೂರುಗಳ ವಿದ್ವಾಂಸರು ಈ ರೀತಿಯಲ್ಲಿ ಕಲಿಸತೊಡಗಿದರು. (ಆ ಸಾಧನವು ೨೦೨೫ರ ಮೇ ತಿಂಗಳಲ್ಲಿ ನಿಂತುಹೋಯಿತು.) ೨೦೨೦ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಊರೊಳಗಿನ ಶಿಷ್ಯರಿಗೂ ಇದೇ ಗತಿಯಾಯಿತು. ಹಾಡುವುದೇ ಆಗ ಅಪಾಯದ ಕೆಲಸವಾಗಿತ್ತು. ಅಮೇರಿಕದ ವಾಷಿಂಗ್ಟನ್ ಸಂಸ್ಥಾನದ ಸ್ಕ್ಯಾಜಿಟ್ ಕಣಿವೆಯಲ್ಲಿ ಆ ಮಾರ್ಚಿಯಲ್ಲಿ ಒಂದು ವೃಂದಗಾನದ ಅಭ್ಯಾಸಕ್ಕೆ ಸೇರಿದ್ದ ೬೧ ಮಂದಿಯ ಪೈಕಿ ಐವತ್ತಕ್ಕೂ ಹೆಚ್ಚು ಮಂದಿಗೆ ರೋಗವು ತಗಲಿತ್ತು. ವ್ಯಾಧಿಯು ಇಳಿಯಿತು; ಅಭ್ಯಾಸವು ಉಳಿಯಿತು.

೩

ಈ ಪಾಠದ ಮೊದಲನೆಯ ತೊಡಕು ಕಾಲದ್ದು. ಧ್ವನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುತ್ತದೆ. ಎಂದರೆ ಒಂದು ಮೀಟರಿಗೆ ೩ ಮಿಲಿಸೆಕೆಂಡು. (ಸೆಕೆಂಡಿನ ಸಾವಿರದಲ್ಲೊಂದು ಭಾಗವೇ ಮಿಲಿಸೆಕೆಂಡು.) ಎದುರುಬದುರಾಗಿ ಕುಳಿತ ಗುರುಶಿಷ್ಯರ ನಡುವಣ ತಡವು ಇಷ್ಟೇ, ಕಿವಿಗೆ ಅದು ಇಲ್ಲದಂತೆಯೇ ಸರಿ. ವೇದಿಕೆಯ ಮೇಲೆ ಎಂಟು ಹತ್ತು ಮೀಟರು ದೂರ ನಿಂತವರಿಗೆ ಈ ತಡವು ೨೫ರಿಂದ ೩೦ ಮಿಲಿಸೆಕೆಂಡಿನಷ್ಟಾಗುತ್ತದೆ. ಕೂಡಿ ಹಾಡುವುದು ಅಲ್ಲಿಂದಾಚೆಗೆ ಕಷ್ಟವಾಗತೊಡಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಚೇಫ್ ಮತ್ತು ಅವರ ಸಹೋದ್ಯೋಗಿಗಳು ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಕೂಡಿ ಚಪ್ಪಾಳೆ ತಟ್ಟಿಸಿ, ನಡುವಣ ತಡವನ್ನು ಹೆಚ್ಚುಕಡಿಮೆ ಮಾಡಿ ನೋಡಿದರು. ಹತ್ತು ಹನ್ನೊಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಲಯವು ನಿಂತಿತು. ತಡವು ಅದನ್ನು ಮೀರಿ ಬೆಳೆದಂತೆ ಲಯವು ಇಳಿಯುತ್ತ ಹೋಯಿತು. ಕಾರಣವು ಸ್ಪಷ್ಟ. ಒಬ್ಬನು ಇನ್ನೊಬ್ಬನಿಗಾಗಿ ತುಸು ಕಾಯುತ್ತಾನೆ. ಆ ಕಾಯುವಿಕೆಯನ್ನು ಕೇಳಿದವನು ತಾನೂ ನಿಧಾನಿಸುತ್ತಾನೆ.

ಈಗ ನಮ್ಮ ಪಾಠದ ಲೆಕ್ಕವನ್ನು ಮಾಡೋಣ. ದೂರದ ಸಂಭಾಷಣೆಯು ತೊಡಕಿಲ್ಲದೆ ನಡೆಯಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ೧೫೦ ಮಿಲಿಸೆಕೆಂಡಿಗಿಂತ ಹೆಚ್ಚು ತಡವಿರಕೂಡದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಮಾತಿಗೆ ಅಷ್ಟು ಸಾಕು. ಆದರೆ ಗುರುವು ಆದಿತಾಳದಲ್ಲಿ ನಿಮಿಷಕ್ಕೆ ೬೦ ಅಕ್ಷರದ ಗತಿಯಲ್ಲಿ ಸರಳೆವರಸೆಯ ಮೂರನೆಯ ಕಾಲವನ್ನು ಶಿಷ್ಯನೊಡನೆ ಕೂಡಿ ಹಾಡತೊಡಗಿದನೆನ್ನಿ. ಅಕ್ಷರಕ್ಕೆ ನಾಲ್ಕು ಸ್ವರ. ಒಂದು ಸ್ವರಕ್ಕೆ ೨೫೦ ಮಿಲಿಸೆಕೆಂಡು. ಗುರುವಿನ ಧ್ವನಿಯು ೧೫೦ ಮಿಲಿಸೆಕೆಂಡಿನ ಬಳಿಕ ಶಿಷ್ಯನಿಗೆ ಮುಟ್ಟುತ್ತದೆ. ಶಿಷ್ಯನು ಅದಕ್ಕೆ ಸರಿಯಾಗಿಯೇ ಸೇರಿಸಿ ಹಾಡುತ್ತಾನೆ. ಅವನ ಧ್ವನಿಯು ಮರಳಿ ಗುರುವನ್ನು ಮುಟ್ಟಲು ಇನ್ನೂ ೧೫೦. ಎಂದಮೇಲೆ ಗುರುವಿಗೆ ಶಿಷ್ಯನು ೩೦೦ ಮಿಲಿಸೆಕೆಂಡು ಹಿಂದೆ, ಒಂದು ಪೂರ್ಣ ಸ್ವರಕ್ಕಿಂತಲೂ ಹಿಂದೆ, ಬಿದ್ದಿದ್ದಾನೆ. ಶಿಷ್ಯನ ಕಿವಿಯಲ್ಲಿ ತಪ್ಪಿಲ್ಲ. ಗುರುವಿನ ಕಿವಿಯಲ್ಲಿ ತಪ್ಪಿದೆ. ತಾಳ ಗೊತ್ತಿಲ್ಲದ ಮಗುವೆಂದು ಗದರಿಸಿಕೊಂಡ ಎಷ್ಟೋ ಮಕ್ಕಳ ನಿಜವಾದ ಅಪರಾಧವು ಇಷ್ಟೇ ಆಗಿರಬಹುದು.

ದೂರವು ಹೆಚ್ಚಿರುವುದರಿಂದ ತಡವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಅದು ಪೂರ್ಣಸತ್ಯವಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಸಾವಿರ ಕಿಲೋಮೀಟರಿಗೆ ಐದೇ ಮಿಲಿಸೆಕೆಂಡು. ತಂತಿಯ ಸುತ್ತುದಾರಿಯನ್ನು ಹಿಡಿದರೂ ಬೆಂಗಳೂರಿನಿಂದ ಮುಂಬಯಿಗೆ ತಗಲುವ ಕಾಲವು ಅಲ್ಪ. ಉಳಿದ ತಡವೆಲ್ಲ ಯಂತ್ರದ್ದು: ಧ್ವನಿಯನ್ನು ತುಣುಕು ತುಣುಕಾಗಿ ಕೂಡಿಹಾಕುವುದು, ಕುಗ್ಗಿಸುವುದು, ಆಚೆಯ ತುದಿಯಲ್ಲಿ ತುಣುಕುಗಳು ಕ್ರಮವಾಗಿ ಬರುವವರೆಗೆ ಕಾದಿರಿಸುವುದು, ಮತ್ತೆ ಹಿಗ್ಗಿಸುವುದು. ತಂತಿಯಿಲ್ಲದ ಕಿವಿಯೋಲೆಗಳು (ಬ್ಲೂಟೂತ್ ಎಂಬವು) ತಾವೇ ನೂರು ಇನ್ನೂರು ಮಿಲಿಸೆಕೆಂಡುಗಳನ್ನು ಸೇರಿಸಬಲ್ಲವು. ಆದುದರಿಂದ ಮೈಸೂರಿನ ಗುರುವೂ ಪಕ್ಕದ ಬೀದಿಯ ಗುರುವೂ ಪರದೆಯ ಮೇಲೆ ಬಂದಾಗ ಹೆಚ್ಚುಕಡಿಮೆ ಸಮಾನದೂರದವರೇ. ಅಮೇರಿಕದಂಥ ದೂರದೇಶಕ್ಕೆ ಮಾತ್ರ, ಹದಿಮೂರು ಸಾವಿರ ಕಿಲೋಮೀಟರಿಗೆ ೬೫ ಮಿಲಿಸೆಕೆಂಡು ಬೆಳಕಿಗೇ ಬೇಕಾಗುವುದರಿಂದ, ಎಂಥ ಯಂತ್ರದಿಂದಲೂ ಈ ತೊಡಕು ನೀಗುವುದಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿಯೆ ಹುಟ್ಟಿದ ಜ್ಯಾಕ್‌ಟ್ರಿಪ್‌ನಂಥ ಸಾಧನಗಳು ಧ್ವನಿಯನ್ನು ಕುಗ್ಗಿಸದೆ ನೇರವಾಗಿ ಕಳಿಸಿ ತಡವನ್ನು ಬಹಳ ತಗ್ಗಿಸುತ್ತವೆ. ಆದರೆ ಅವಕ್ಕೆ ತಂತಿಯ ಸಂಪರ್ಕವೂ ಸ್ವಲ್ಪ ಯಂತ್ರಜ್ಞಾನವೂ ಬೇಕು.

ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ತಡದಿಂದ ಕೆಡುವುದು ಲಯ, ಶ್ರುತಿಯಲ್ಲ. ತಡವಾಗಿ ಬಂದ ಪಂಚಮವೂ ಪಂಚಮವೇ. ಗುರುವು ಒಂದು ಸಂಚಾರವನ್ನು ಹಾಡಿ ನಿಲ್ಲಿಸಿ, ಶಿಷ್ಯನು ಅದನ್ನು ಮರಳಿ ಹಾಡುವ ಕ್ರಮಕ್ಕೆ ಯಾವ ಬಾಧೆಯೂ ಇಲ್ಲ. ನಮ್ಮ ಪಾಠಕ್ರಮವು ಬಹುಮಟ್ಟಿಗೆ ಹೀಗೆ ಹೇಳಿ ಹೇಳಿಸುವ ಕ್ರಮವಾಗಿರುವುದು ಇಲ್ಲಿ ನಮ್ಮ ಪುಣ್ಯ.

೪

ಎರಡನೆಯ ತೊಡಕು ಧ್ವನಿಯನ್ನು ಸೋಸುವುದರಿಂದ ಬರುವುದು. ಈ ಸಾಧನಗಳು ಹುಟ್ಟಿದ್ದು ಕಛೇರಿಯ ಸಮಾಲೋಚನೆಗಾಗಿ, ಹಾಡಿಗಾಗಿಯಲ್ಲ. ಮಾತಾಡುವವನ ಹಿಂದೆ ಬೀಸಣಿಗೆಯ ಮೊರೆತವಿದ್ದರೆ ಅದನ್ನು ತೆಗೆದುಹಾಕುವುದು ಅವುಗಳ ಗುಣ. ಮೊರೆತವನ್ನು ಯಂತ್ರವು ಗುರುತಿಸುವುದು ಹೇಗೆ? ಯಾವುದು ಏರಿಳಿಯದೆ ಒಂದೇ ಸಮನೆ ಕೇಳುತ್ತಿರುವುದೋ ಅದು ಗದ್ದಲ ಎಂಬ ನ್ಯಾಯದಿಂದ. ತಂಬೂರಿಯ ಲಕ್ಷಣವೂ ಅದೇ! ನಮ್ಮ ಸಂಗೀತಕ್ಕೆ ಆಧಾರವಾದ ನಾದವು ಯಂತ್ರದ ದೃಷ್ಟಿಯಲ್ಲಿ ಕಸವಾಗಿ ತೊಡೆದುಹೋಗುತ್ತದೆ. ಒಂದೇ ಸ್ವರದಲ್ಲಿ ನೀಳವಾಗಿ ನಿಲ್ಲಿಸಿದ ಕಾರ್ವೆಯೂ ಕೆಲವು ಸಲ ನಡುವೆ ಕುಂದಿಹೋಗುವುದು ಇದೇ ಕಾರಣದಿಂದ.

ಇನ್ನೊಂದು ಗುಣ, ಮಾರ್ದನಿಯನ್ನು ಅಡಗಿಸುವುದು. ಇಬ್ಬರೂ ಏಕಕಾಲದಲ್ಲಿ ಧ್ವನಿಮಾಡಿದರೆ ಯಂತ್ರವು ಒಬ್ಬನನ್ನು ಅದುಮುತ್ತದೆ. ಗುರುವು ತಿದ್ದಲೆಂದು ನಡುವೆ ದನಿಗೊಟ್ಟರೆ ಶಿಷ್ಯನ ಹಾಡೇ ಮುಚ್ಚಿಹೋಗುತ್ತದೆ. ಮೂರನೆಯದು ಇವೆರಡಕ್ಕಿಂತ ಮೋಸದ್ದು: ಮೆಲ್ಲನೆಯ ಧ್ವನಿಯನ್ನು ತಾನಾಗಿ ಎತ್ತಿ, ಗಟ್ಟಿಯಾದುದನ್ನು ತಗ್ಗಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದು. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ, ನೆರೆಯವರಿಗೂ ಒಳಗೆ ಓದುತ್ತಿರುವ ಅಣ್ಣನಿಗೂ ತೊಂದರೆಯಾಗದಿರಲೆಂದು, ನಮ್ಮ ಮಕ್ಕಳು ಗಂಟಲಿನೊಳಗೇ ಹಾಡುವುದನ್ನು ರೂಢಿಸಿಕೊಳ್ಳುತ್ತಾರೆ. ಯಂತ್ರವು ಆ ಪಿಸುದನಿಯನ್ನು ಎತ್ತಿ ಕೊಡುವುದರಿಂದ ಗುರುವಿಗೆ ಅದು ತಿಳಿಯುವುದೇ ಇಲ್ಲ. ವರ್ಷಗಳ ಮೇಲೆ ಮಗುವು ಸಭೆಯಲ್ಲಿ ಹಾಡಲು ನಿಂತಾಗ ಕಂಠವು ತೆರೆದಿಲ್ಲವೆಂಬುದು ಬಯಲಾಗುತ್ತದೆ.

ಸಂಪರ್ಕವು ದುರ್ಬಲವಾದಾಗ ಧ್ವನಿಯ ತುಣುಕುಗಳು ದಾರಿಯಲ್ಲಿ ಕಳೆದುಹೋಗುತ್ತವೆ. ಅವುಗಳ ಜಾಗದಲ್ಲಿ ಯಂತ್ರವು ಹಿಂದಿನ ಧ್ವನಿಯನ್ನೇ ಎಳೆದು ತುಂಬುತ್ತದೆ. ಮಾತಿನಲ್ಲಿ ಇದು ತಿಳಿಯದು. ಆದರೆ ತೋಡಿಯ ಗಾಂಧಾರದಂಥ ಕಂಪಿತದಲ್ಲಿ, ಸ್ವರದ ಪ್ರಾಣವೇ ಅದರ ಚಲನೆಯಲ್ಲಿರುವಾಗ, ಅಲೆಯ ಒಂದು ಭಾಗವು ಸಮತಟ್ಟಾದರೆ ರಾಗವೇ ಗಾಸಿಗೊಳ್ಳುತ್ತದೆ. ಅಂಥ ಪ್ರಯೋಗಗಳನ್ನು ಪರದೆಯ ಮೇಲೆ ಒಂದು ಸಲ ಕೇಳಿ ನಂಬಕೂಡದು. ಗುರುವು ಹಾಡಿ ಮುದ್ರಿಸಿ ಕಳಿಸಿದ ಪ್ರತಿಯೊಡನೆ ಹೋಲಿಸಿ ನೋಡಬೇಕು.

ಈ ದೋಷಗಳಲ್ಲಿ ಹಲವಕ್ಕೆ ಪರಿಹಾರವಿದೆ. ಜೂಮ್ ಎಂಬ ಸಾಧನದಲ್ಲಿ ೨೦೨೦ರಲ್ಲಿ ಸಂಗೀತಗಾರರಿಗಾಗಿಯೇ ಧ್ವನಿಯನ್ನು ಸೋಸದೆ ಕಳಿಸುವ ಏರ್ಪಾಡನ್ನು ಸೇರಿಸಿದರು. ಅದನ್ನು ಪ್ರತಿ ಪಾಠದ ಮೊದಲು ಎರಡೂ ಕಡೆಯವರು ನೋಡಿಕೊಳ್ಳುವುದು, ವೀಣೆಯ ತಂತಿಯನ್ನು ಕೂಡಿಸುವಷ್ಟೇ ಅವಶ್ಯವಾದ ಕ್ರಿಯೆಯೆಂದು ಎಣಿಸಬೇಕು.

೫

ಹೊರನಾಡಿನ ನಮಗೆ ಇವೆಲ್ಲಕ್ಕಿಂತ ಮುಖ್ಯವಾದ ಅಂಶವೊಂದುಂಟು: ಸಾಹಿತ್ಯ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಶಾಲೆಯಲ್ಲಿ ಕನ್ನಡವಿಲ್ಲ, ಬೀದಿಯಲ್ಲಿ ಕನ್ನಡವಿಲ್ಲ. ದಾಸರ ಪದ, ಶರಣರ ವಚನ, ನವೋದಯ ಕವಿಗಳ ಭಾವಗೀತ, ಇವುಗಳನ್ನು ಬಾಯಿತುಂಬ ಹಾಡುವ ಆ ಅರ್ಧ ಗಂಟೆಯೇ ಅವರ ಕನ್ನಡದ ಪಾಠವೂ ಹೌದು. ಆದುದರಿಂದ ಉಚ್ಚಾರವು ಕೆಟ್ಟರೆ ನಷ್ಟವು ಎರಡು ಬಗೆಯದು.

ಹಳೆಯ ದೂರವಾಣಿಯ ಮಾರ್ಗವು ಸೆಕೆಂಡಿಗೆ ೩೦೦ರಿಂದ ೩೪೦೦ ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಒಯ್ಯುತ್ತಿತ್ತು. ಸಕಾರದ ಸೀತ್ಕಾರವು ಬಹುಮಟ್ಟಿಗೆ ಇದಕ್ಕೆ ಮೇಲಿನ ಭಾಗದಲ್ಲಿ ಇರುತ್ತದೆ. ಇಂದಿನ ಸಾಧನಗಳು ಇದಕ್ಕಿಂತ ವಿಸ್ತಾರವಾದ ಧ್ವನಿಯನ್ನು ಒಯ್ಯಬಲ್ಲವಾದರೂ, ತಂತಿಯಿಲ್ಲದ ಕಿವಿಯೋಲೆಯ ಮೈಕನ್ನು ಬಳಸಿದಾಗ ಮತ್ತೆ ಇಕ್ಕಟ್ಟಾದ ಮಾರ್ಗಕ್ಕೇ ಇಳಿಯುವುದುಂಟು. ಆಗ ಸ, ಶಗಳ ಭೇದವು ಮಸಕಾಗುತ್ತದೆ, ಶರಣನು ಸರಣನಾಗುತ್ತಾನೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗುವು ಇದನ್ನು ತಾನೇ ತುಂಬಿಕೊಳ್ಳುತ್ತದೆ. ಕೇಳದ ಮಗುವು ಕೇಳಿದಂತೆಯೇ ಕಲಿಯುತ್ತದೆ.

ಇನ್ನು ಲಿಪಿಯ ಸಮಸ್ಯೆ. ಕನ್ನಡ ಓದಲಾರದ ಮಕ್ಕಳು ಸಾಹಿತ್ಯವನ್ನು ನಾಗರಿಯಲ್ಲಿಯೊ ರೋಮನ್ ಅಕ್ಷರಗಳಲ್ಲಿಯೊ ಬರೆದುಕೊಳ್ಳುತ್ತಾರೆ. ಮರಾಠಿ ಹಿಂದಿಗಳ ರೂಢಿಯ ಬರವಣಿಗೆಯಲ್ಲಿ ಹ್ರಸ್ವವಾದ ಎಕಾರ ಒಕಾರಗಳಿಗೆ ಬೇರೆ ಚಿಹ್ನೆಯಿಲ್ಲ. ಕೊಡು, ಕೋಡು ಎರಡೂ ಒಂದೇ ಆಗಿ ಕಾಣುತ್ತವೆ. ಬೆರೆ, ಬೇರೆಗಳೂ ಹಾಗೆಯೇ. ಹ್ರಸ್ವವು ದೀರ್ಘವಾದರೆ ಅರ್ಥವು ಕೆಡುವುದಲ್ಲದೆ ಮಾತ್ರೆಯೂ ಹೆಚ್ಚಿ, ಪದವು ತಾಳದಲ್ಲಿ ಕೂರಬೇಕಾದ ಸ್ಥಳವನ್ನು ಬಿಟ್ಟು ಜಾರುತ್ತದೆ. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳ ವಿವೇಕವೂ ಹೋಗುತ್ತದೆ. ಎದುರು ಕುಳಿತ ಗುರುವು ಶಿಷ್ಯನ ಪುಸ್ತಕವನ್ನು ನೋಡಿ ತಿದ್ದುತ್ತಾನೆ; ಪರದೆಯಾಚೆಯ ಗುರುವಿಗೆ ಪುಸ್ತಕವು ಕಾಣದು. ಪುಟದ ಚಿತ್ರವನ್ನು ತೆಗೆದು ಗುರುವಿಗೆ ಕಳಿಸುವುದು ಇದಕ್ಕೆ ಸುಲಭದ ಉಪಾಯ. ಮಗುವಿಗೆ ಕನ್ನಡದ ಅಕ್ಷರಮಾಲೆಯನ್ನು ಕಲಿಸುವುದು ಸ್ಥಿರವಾದ ಉಪಾಯ. ಹಾಡಿನ ಆಸೆಯಿಂದ ಅಕ್ಷರವನ್ನು ಕಲಿಯುವ ಮಗುವು ಅದನ್ನು ಮರೆಯುವುದಿಲ್ಲ.

೬

ಇಷ್ಟನ್ನು ತಿಳಿದಮೇಲೆ ಪಾಠವನ್ನು ಅಣಿಗೊಳಿಸುವ ಕ್ರಮವು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಶ್ರುತಿಯು ಶಿಷ್ಯನ ಕೋಣೆಯಲ್ಲಿಯೆ ಮೊಳಗಬೇಕು. ಗುರುವಿನ ತಂಬೂರಿಯನ್ನು ಪರದೆಯ ಮೂಲಕ ಕೇಳಿ ಹಾಡಕೂಡದು. ಕರಿ ಎರಡೋ ಬಿಳಿ ನಾಲ್ಕೋ, ಮಗುವಿನ ಕಂಠಕ್ಕೆ ಒಪ್ಪುವ ಆಧಾರಷಡ್ಜವನ್ನು ಗೊತ್ತುಮಾಡಿ, ಎರಡೂ ಕಡೆಗಳಲ್ಲಿ ಪ್ರತ್ಯೇಕವಾಗಿ ಅದೇ ಶ್ರುತಿಯನ್ನು ಇಟ್ಟುಕೊಳ್ಳಬೇಕು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆಯಿಂದ ಹೊರಬಂದು ಮನೆಮಾತಾದ ವಿದ್ಯುತ್ ತಂಬೂರಿಯು ಇದಕ್ಕೆ ಸಾಕು.

ಎರಡನೆಯದಾಗಿ, ತಾಳವನ್ನು ಹಾಡುವವನೇ ಹಾಕಬೇಕು. ಗುರುವು ಹಾಡುವಾಗ ಗುರು, ಶಿಷ್ಯನು ಹಾಡುವಾಗ ಶಿಷ್ಯ. ಕೂಡಿ ಹಾಡುವುದನ್ನು ಪೂರ್ತಿಯಾಗಿ ಬಿಡತಕ್ಕದ್ದು.

ಮೂರನೆಯದಾಗಿ, ಲಯದ ಪರೀಕ್ಷೆಯನ್ನು ಧ್ವನಿಮುದ್ರಣಕ್ಕೆ ಬಿಡಬೇಕು. ಶಿಷ್ಯನು ವಾರದ ಪಾಠವನ್ನು ಶ್ರುತಿಯೊಡನೆ ತಾಳ ಹಾಕುತ್ತ ಹಾಡಿ, ಮುದ್ರಿಸಿ ಕಳಿಸಲಿ. ಮುದ್ರಿಕೆಯೊಳಗೆ ತಡವೆಂಬುದಿಲ್ಲ, ತಾಳವೂ ಸ್ವರವೂ ಹುಟ್ಟಿದಾಗ ಇದ್ದ ಸಂಬಂಧದಲ್ಲಿಯೆ ಗುರುವನ್ನು ಮುಟ್ಟುತ್ತವೆ. ನೇರದ ಪಾಠದಲ್ಲಿ ನಿರ್ಣಯಿಸಲಾಗದ ಲಯದೋಷವನ್ನು ಗುರುವು ಇದರಲ್ಲಿ ನಿಸ್ಸಂದೇಹವಾಗಿ ಗುರುತಿಸಬಲ್ಲನು.

ನಾಲ್ಕನೆಯದಾಗಿ, ಯಂತ್ರವನ್ನು ಮುಖಕ್ಕೆ ಅಂಟಿಸಿಡದೆ ಸೊಂಟದಿಂದ ಮೇಲಿನ ದೇಹವೆಲ್ಲ ಕಾಣುವಷ್ಟು ದೂರದಲ್ಲಿ ಇಡಬೇಕು. ಉಸಿರೆಳೆಯುವಾಗ ಹೆಗಲು ಏಳುವುದು, ತಾರಸ್ಥಾಯಿಯಲ್ಲಿ ಗದ್ದ ಮುಂಚಾಚುವುದು, ಬಾಯಿ ಅರೆತೆರೆಯುವುದು, ಇವು ಕಂಡರೆ ತಾನೆ ತಿದ್ದಬಹುದು? ಕಿವಿಯೋಲೆಗೆ ತಂತಿಯಿರಲಿ, ಸಾಧ್ಯವಾದರೆ ಸಂಪರ್ಕಕ್ಕೂ ತಂತಿಯಿರಲಿ.

ಇಲ್ಲಿ ಪಾಠದ ಮುದ್ರಣದ ಬಗೆಗೆ ಒಂದು ಎಚ್ಚರಿಕೆಯ ಮಾತು. ಉಸ್ತಾದ್ ಅಲ್ಲಾದಿಯಾ ಖಾನರು ತಮ್ಮ ಹಾಡಿಕೆಯನ್ನು ಮುದ್ರಿಸಿಕೊಳ್ಳಲು ಒಪ್ಪಲಿಲ್ಲ. ಅವರ ಮಕ್ಕಳಾದ ಮಂಜಿಖಾನ್, ಭೂರ್ಜಿಖಾನರಿಂದ ಮಲ್ಲಿಕಾರ್ಜುನ ಮನಸೂರರು ಆ ವಿದ್ಯೆಯನ್ನು ಪಡೆದುದು ಎದುರು ಕುಳಿತು, ನೆನಪಿನಲ್ಲಿಟ್ಟು. ಇಂದು ಆ ಕಟ್ಟುನಿಟ್ಟು ಬೇಕಾಗಿಲ್ಲದಿರಬಹುದು. ಆದರೂ ಗುರುವಿನ ಅನುಮತಿಯಿಲ್ಲದೆ ಪಾಠವನ್ನು ಮುದ್ರಿಸುವುದಾಗಲಿ ಇತರರಿಗೆ ಹಂಚುವುದಾಗಲಿ ಸಲ್ಲದು. ಅದಲ್ಲದೆ, ಬೇಕೆಂದಾಗ ಕೇಳಬಹುದೆಂಬ ಧೈರ್ಯವು ನೆನಪನ್ನು ಸೋಮಾರಿಯಾಗಿಸುತ್ತದೆ. ಮುದ್ರಿಕೆಯು ಸಂದೇಹ ಪರಿಹಾರಕ್ಕಿರಲಿ, ಕಂಠಪಾಠದ ಬದಲಿಗಲ್ಲ.

೭

ಇಷ್ಟೆಲ್ಲ ಮಾಡಿದರೂ ಪರದೆಯ ಮೂಲಕ ಬರಲಾರದ ಅಂಶಗಳು ಉಳಿಯುತ್ತವೆ. ಮೃದಂಗದೊಡನೆಯೊ ತಬಲದೊಡನೆಯೊ ಹಾಡುವ ಧೈರ್ಯ. ನಾಲ್ವರೊಡನೆ ಕಂಠ ಕೂಡಿಸುವ ಸಂಯಮ. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತ, ಕಛೇರಿಯು ಹೇಗೆ ಕಟ್ಟಲ್ಪಡುತ್ತದೆಂಬುದನ್ನು ಒಳಗಿನಿಂದ ಕಾಣುವ ಭಾಗ್ಯ. ಪಾಠವು ಮುಗಿದ ಮೇಲೆ ಗುರುವು ತನಗಾಗಿ ಗುನುಗುವುದನ್ನು ಕೇಳುವ ಅವಕಾಶ. ಅರ್ಧ ಗಂಟೆಯು ಮುಗಿದೊಡನೆ ಪರದೆಯು ಆರುತ್ತದೆ. ಆಮೇಲಿನ ಮಾತುಗಳಿಗೆ ಅಲ್ಲಿ ಎಡೆಯಿಲ್ಲ.

ಆದರೆ ಇವುಗಳಲ್ಲಿ ಅನೇಕವನ್ನು ಒದಗಿಸುವ ಶಕ್ತಿಯು ನಮ್ಮ ಸಂಘಗಳಿಗಿದೆ. ಮಕ್ಕಳು ಮನೆಯಲ್ಲಿಯೆ ಕಲಿಯತೊಡಗಿದ್ದರಿಂದ ಸಂಘದ ಸಂಗೀತ ವರ್ಗಗಳು ಬರಿದಾಗುತ್ತವೆಂದು ಕೊರಗುವುದಕ್ಕಿಂತ, ಕೆಲಸವನ್ನು ಹಂಚಿಕೊಳ್ಳುವುದು ವಿವೇಕ. ಸ್ವರ, ಸಾಹಿತ್ಯ, ರಾಗಗಳ ಪಾಠವು ದೂರದ ಗುರುವಿನಿಂದ ನಡೆಯಲಿ. ತಿಂಗಳಿಗೊಂದು ಭಾನುವಾರ ಸಂಘದ ಸಭಾಗೃಹದಲ್ಲಿ ಆ ಮಕ್ಕಳೆಲ್ಲ ಸೇರಿ, ಊರಿನ ವಿದ್ವಾಂಸರೊಬ್ಬರ ಮುಂದೆ, ಮೈಕಿಲ್ಲದೆ, ಪಕ್ಕವಾದ್ಯದೊಡನೆ ಹಾಡಲಿ. ಯಂತ್ರವು ಮುಚ್ಚಿಟ್ಟ ದೋಷಗಳು ಅಲ್ಲಿ ಕೂಡಲೆ ಕಿವಿಗೆ ಬೀಳುತ್ತವೆ. ಊರಿನ ವಿದ್ವಾಂಸರಿಗೂ ಮಾನವೂ ಸಂಭಾವನೆಯೂ ದೊರೆಯುತ್ತವೆ. ಒಂದೇ ಕೋಣೆಯ ಮನೆಗಳಲ್ಲಿರುವ ಮಕ್ಕಳಿಗಾಗಿ, ಸಂಜೆಯ ವೇಳೆ ಸಂಘದ ಒಂದು ಶಾಂತವಾದ ಕೊಠಡಿಯನ್ನು, ತಂತಿಯ ಸಂಪರ್ಕದೊಡನೆ, ಪಾಠಕ್ಕೆ ತೆರೆದಿಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಗಂಟಲೊಳಗೆ ಹಾಡುತ್ತಿದ್ದ ಮಗುವು ಅಲ್ಲಿ ಬಾಯಿ ತೆರೆದು ಹಾಡೀತು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಒಂದು ವಾರವಾದರೂ ಗುರುವಿನ ಎದುರು ಕುಳಿತು ಕಲಿಯುವಂತೆ ತಂದೆತಾಯಿಗಳು ಏರ್ಪಡಿಸಿದರೆ, ಉಳಿದ ಐವತ್ತೊಂದು ವಾರಗಳ ಪಾಠಕ್ಕೂ ಅದರಿಂದ ಜೀವ ಬರುವುದು.

ಅಂತರ್ಜಾಲದ ಪಾಠವು ಗುರುಕುಲದ ವೈರಿಯಲ್ಲ, ಗುರುಕುಲವೂ ಅಲ್ಲ. ಅದು ಶ್ರುತಿಯನ್ನು ಒಯ್ಯುತ್ತದೆ, ಲಯವನ್ನು ಒಯ್ಯದು. ಪದವನ್ನು ಒಯ್ಯುತ್ತದೆ, ಕಂಠದ ಬಲವನ್ನು ಒಯ್ಯದು. ಒಯ್ಯುವುದನ್ನು ಅದರಿಂದ ಪಡೆದು, ಒಯ್ಯಲಾರದುದನ್ನು ಒಬ್ಬರೆದುರೊಬ್ಬರು ಕುಳಿತು ತುಂಬಿಕೊಂಡರೆ, ಕನ್ನಡದ ಹಾಡು ಹೊರನಾಡಿನ ಮುಂದಿನ ತಲೆಮಾರಿನ ಬಾಯಲ್ಲಿ ಶುದ್ಧವಾಗಿ ಉಳಿಯುವುದರಲ್ಲಿ ಸಂದೇಹವಿಲ್ಲ.